ಇಪ್ಪತ್ತೆರಡು ಮೆಟ್ಟಿಲು, ಒಂದು ಗೋಣಿ

ಒದ್ದೆ ಗೋಣಿಯ ವಾಸನೆ, ಇದೇ ಗೋಣಿ, ಆಗ ಒಣಗಿತ್ತು — ಶುರುವಾದದ್ದು ಶಿವರಾತ್ರಿಗೆ ಇನ್ನೂ ಹತ್ತು ದಿನ ಇರುವಾಗ, ಚಳಿ ಬಿಟ್ಟೂ ಬಿಡದ ಒಂದು ಬೆಳಿಗ್ಗೆ, ಹತ್ತಕ್ಕೆ ಐದು ನಿಮಿಷ, ಕಾಲೇಜಿನ ಗುತ್ತಿಗೆ ಜವಾನ ಮಾಯಣ್ಣ ಮೊದಲನೇ ಬೆಲ್ಲು ಹೊಡೆದು ಸುತ್ತಿಗೆಯನ್ನು ಕಿಟಕಿಯ ಮೇಲಿಟ್ಟು ತಿರುಗಿದರೆ ಮೆಟ್ಟಿಲ ಬುಡದಲ್ಲಿ ಗಾಲಿಕುರ್ಚಿ, ಕುರ್ಚಿಯಲ್ಲಿ ಜ್ಞಾನೇಶ, ಹಾಲ್ಕುರಿಕೆಯ ಹುಡುಗ, ಬಿ.ಎ. ಕೊನೇ ವರ್ಷ, ಹುಟ್ಟಿದಾಗಿನಿಂದ ಎರಡೂ ಕಾಲಿಗೆ ಬಲ ಇಲ್ಲ, ಹಿಂದೆ ಎರಡು ಗಾಲಿ ಕೂಡಿಸಿದ ಸ್ಕೂಟರಿನಲ್ಲಿ ತಾನೇ ಬರುತ್ತಾನೆ, ಸೈಕಲ್ ಸ್ಟ್ಯಾಂಡಿನಲ್ಲಿ ತಾನೇ ಕುರ್ಚಿಗೆ ಜರುಗಿಕೊಳ್ಳುತ್ತಾನೆ, ಯಾರ ಕೈಯನ್ನೂ ಕೇಳಿದವನಲ್ಲ, ಅವತ್ತಿನವರೆಗೆ ಅವನ ಕ್ಲಾಸು ಕೆಳಗಡೆಯೇ ಇತ್ತು, ಕೊನೇ ವರ್ಷದವರಿಗೆಲ್ಲ ಇನ್ನು ಮೇಲಿನ ಹಾಲ್ ಅಂತ ಹಿಂದಿನ ದಿನ ಬೋರ್ಡಿಗೆ ಚೀಟಿ ಅಂಟಿಸಿದವನು ಮಾಯಣ್ಣನೇ, ಅಂಟು ಹಚ್ಚಿದ, ಅಂಟಿಸಿದ, ಓದಲಿಲ್ಲ, ಓದುವುದು ಅವನಿಗೆ ನಿಧಾನ, ಬಿಳಿಗೆರೆ ಸ್ಕೂಲಿನಲ್ಲಿ ಮೂರನೇ ಕ್ಲಾಸಿಗೇ ಅದು ಮುಗಿದಿತ್ತು, ಕೂಡಿಸಿಕೊಂಡು ಕೂಡಿಸಿಕೊಂಡು ಒಂದು ಸಾಲು ಮುಗಿಸುವಷ್ಟರಲ್ಲಿ ಮುಂದಿನ ಬೆಲ್ಲಿನ ಹೊತ್ತಾಗುತ್ತದೆ, ಹಾಗಾಗಿ ಹುಡುಗ ಮೆಟ್ಟಿಲನ್ನು ಕೆಳಗಿಂದ ಮೇಲಕ್ಕೆ ನೋಡುತ್ತಾ ಕೂತದ್ದನ್ನು ಕಂಡಾಗಲೇ ಚೀಟಿಯಲ್ಲಿ ಏನಿತ್ತು ಅಂತ ಅವನಿಗೆ ತಿಳಿದದ್ದು, ಇಪ್ಪತ್ತೆರಡು ಮೆಟ್ಟಿಲು, ದಿನಾ ಗುಡಿಸುವವನು ಅವನೇ ಆದ್ದರಿಂದ ಲೆಕ್ಕ ಗೊತ್ತು, ಹನ್ನೊಂದಕ್ಕೆ ಒಂದು ತಿರುವು.

ಬಾರಪ್ಪ, ಹೊತ್ಕೊಂಡು ಹೋಯ್ತೀನಿ, ಮೂವತ್ತು ವರ್ಷ ಕೊಬ್ಬರಿ ಮಂಡೀಲಿ ಮೂಟೆ ಹೊತ್ತೋನಿಗೆ ನೀನ್ಯಾವ ಲೆಕ್ಕ — ಹಾಗಂದದ್ದು ಮಾಯಣ್ಣನೇ, ಮೊದಲು ಅಂದದ್ದು ಅವನೇ, ಅದನ್ನು ಈಗ ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದರೂ ಮಾತು ಬೇರೆಯವರ ಬಾಯಿಗೆ ಹೋಗುವುದಿಲ್ಲ, ಅಂದವನೇ ಮೆಟ್ಟಿಲ ಪಕ್ಕದ ಮೊಳೆಯಲ್ಲಿ ತೂಗುಹಾಕಿದ್ದ ಗೋಣಿಯನ್ನು ತೆಗೆದು ಎರಡು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡ, ಕೈ ತಾನಾಗಿ ಮಾಡಿತು, ಹೆಗಲಿಗೆ ಭಾರ ಬರುತ್ತದೆ ಅಂದರೆ ಗೋಣಿ ಬೇಕು, ಮಂಡಿ ಕಲಿಸಿದ್ದು ಅದೊಂದೇ, ಬೆನ್ನು ಬಗ್ಗಿಸಿದ, ಹುಡುಗ ಗೋಣಿಯನ್ನು ನೋಡಿದ, ಆಮೇಲೆ ಕೈ ಚಾಚಿದ, ಮೇಲಕ್ಕೆ ಹೋಗುವಾಗ ತಿರುವಿನಲ್ಲಿ ಕಾಲು ಗೋಡೆಗೆ ತಾಗದ ಹಾಗೆ ಮಾಯಣ್ಣ ಅಡ್ಡಡ್ಡ ಹತ್ತಿದ, ಮೂಟೆ ಗೋಡೆಗೆ ಉಜ್ಜಬಾರದಲ್ಲ, ಮೇಲೆ ನಿಂತಿದ್ದ ಹುಡುಗರಲ್ಲಿ ಒಬ್ಬ, ಲೇ ಮಾಲು ಬಂತು ಕಣ್ರಲಾ, ತೂಕ ಹಾಕ್ರೋ ಅಂದ, ಇನ್ನೊಬ್ಬ, ಒಂದನೇ ನಂಬರ್ ಮಾಲೇನಣ್ಣ ಅಂದ, ಎಲ್ಲರೂ ನಕ್ಕರು, ಜ್ಞಾನೇಶನೂ ನಕ್ಕ, ಮಾಯಣ್ಣನೂ ನಕ್ಕ — ಅಟ್ಟದ ಮೇಲೆ ವರ್ಷ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುವವನು ಅವನು, ಒಡೆಯಬೇಕಾಗಿಯೇ ಇಲ್ಲ, ಆ ಹುಡುಗ ಅವನ ಕಿವಿಯ ಪಕ್ಕದಲ್ಲೇ ಇದ್ದ, ಇಪ್ಪತ್ತೆರಡು ಮೆಟ್ಟಿಲೂ ಉಸಿರು ಬಿಗಿಹಿಡಿದಿದ್ದ, ಅದು ಕೇಳಿಸಲಿಲ್ಲ.

ಹದಿನೈದು ದಿನ ಹೊತ್ತ, ಬೆಳಿಗ್ಗೆ ಹತ್ತುವುದು, ಮಧ್ಯಾಹ್ನ ಇಳಿಯುವುದು, ನಡುವೆ ಹುಡುಗ ನೀರು ಕುಡಿಯುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು, ಕುಡಿದರೆ ಇಳಿಸಿ ಅಂತ ಇನ್ನೊಂದು ಸಲ ಕೇಳಬೇಕಲ್ಲ, ಮನೆಯಲ್ಲಿ ಚಿಕ್ಕಗೌರಮ್ಮ ಮುದ್ದೆ ಬಡಿಸುತ್ತಾ, ಈ ವಯಸ್ಸಲ್ಲಿ ಸೊಂಟ ಹಿಡ್ಕೊಂಡ್ರೆ ನಿನ್ನ ಹೊರೋರು ಯಾರು ಅಂದಳು, ಸುಮ್ಕಿರೇ, ಪುಣ್ಯದ ಕೆಲಸ ಅಂದ, ಪುಣ್ಯ ನಿಂಗೆ, ಆ ಮಗೀಗೇನು ಅಂದಳು, ಅವಳು ಹಾಗೆಯೇ, ಮಾತನ್ನು ಅಲ್ಲಿ ಇಟ್ಟು ಸೌಟು ತೊಳೆಯಲು ಹೋಗಿಬಿಡುತ್ತಾಳೆ — ಹದಿನಾರನೇ ದಿನ ಮಾಯಣ್ಣ ಗೋಣಿ ಮಡಿಸಿ ಹೆಗಲಿಗೆ ಹಾಕಿಕೊಂಡು ಬಗ್ಗಿದರೆ ಜ್ಞಾನೇಶ ಕೈ ಚಾಚಲಿಲ್ಲ, ಬೇಡ ಮಾಯಣ್ಣ, ಇನ್ಮೇಲೆ ಬೇಡ ಅಂದ, ಯಾಕಪ್ಪ, ನಂಗೇನೂ ಭಾರ ಇಲ್ಲ ಕಣಪ್ಪ ಅಂದರೆ, ಭಾರದ ಮಾತಲ್ಲ ಅಣ್ಣ, ಕ್ಲಾಸು ಕೆಳಗೆ ಬರಲಿ, ನಾನು ಇಲ್ಲೇ ಇರ್ತೀನಿ ಅಂದವನು ಕುರ್ಚಿ ತಿರುಗಿಸಿಕೊಂಡು ಹೊಂಗೆ ಮರದ ಕೆಳಗೆ ಹೋಗಿ ಕೂತ, ಪುಸ್ತಕ ತೆಗೆದ, ಸಾಯಂಕಾಲದವರೆಗೆ ಓದಿದ, ಮರುದಿನವೂ ಬಂದ, ಕೂತ, ಮೇಲೆ ಹಾಜರಿ ಕೂಗುವಾಗ ಕೆಳಗಿನಿಂದ ಇದ್ದೀನಿ ಸಾರ್ ಅಂತ ಕೂಗಿದ, ಮೇಲಿನವರಿಗೆ ಕೇಳಿಸುತ್ತಿತ್ತು, ಬರೆದುಕೊಳ್ಳಲಿಲ್ಲ, ಗೋಣಿ ಮೊಳೆಯಲ್ಲೇ ತೂಗಾಡುತ್ತಿತ್ತು, ಮಾಯಣ್ಣನಿಗೆ ಸಿಟ್ಟು, ಇಷ್ಟು ಹೊತ್ತವನನ್ನು ಬೇಡ ಅಂದನಲ್ಲ ಅಂತ, ನಾಲ್ಕು ದಿನ ಅವನ ಕಡೆ ನೋಡದೆಯೇ ಬೆಲ್ಲು ಹೊಡೆದ.

ಅದಾದ ಮೇಲೆ ಸೂಪರಿಂಟೆಂಡೆಂಟ್ ಶಿವಮೂರ್ತಿ, ಮಾಯಣ್ಣ ಇಲ್ಲೊಂದು ಸೈನ್ ಹಾಕು, ನೀನು ಮಾಡಿದ ಸೇವೆನ ಹೊಗಳಿ ಬರೆದಿದೀವಿ ಅಂದರು, ಟೈಪ್ ಮಾಡಿದ ಒಂದು ಹಾಳೆ, ಟೀ ಬೇರೆ ತರಿಸಿದ್ದರು, ಅವನೇ ತರುವ ಟೀಯನ್ನು ಅವತ್ತು ಬೇರೆಯವರ ಕೈಲಿ ತರಿಸಿದ್ದರು, ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ, ಮಾ, ಯ, ಣ್ಣ, ಒತ್ತು ಕೊಡುವಾಗ ಪೆನ್ನು ಸ್ವಲ್ಪ ತಡೆಯಿತು, ಮನೆಗೆ ಹೋಗಿ, ನನ್ನ ಮೇಲೆ ಬರ್ದವ್ರೆ ಕಣೇ ಅಂದ, ಏನಂತ ಅಂದಳು ಚಿಕ್ಕಗೌರಮ್ಮ, ಒಳ್ಳೇದೇ ಬರ್ದವ್ರೆ ಅಂದ, ಓದಿದ್ಯಾ ಅಂದಳು, ಅವನು ದನಕ್ಕೆ ನೀರು ತೋರಿಸಲು ಹೋದ — ಆ ಹಾಳೆಯಲ್ಲಿ ಏನಿತ್ತು ಅಂತ ತಿಳಿದದ್ದು ಯುಗಾದಿ ಕಳೆದು, ಬಿಸಿಲು ತಲೆ ಸೀಳುವ ಒಂದು ದಿನ, ಜ್ಞಾನೇಶ ದೂರು ಬರೆದಿದ್ದನಂತೆ, ಹಾಜರಿ ಕಡಿಮೆ ಅಂತ ಪರೀಕ್ಷೆಗೆ ಕೂರಿಸೋದಿಲ್ಲ ಅಂದಿದ್ದಾರೆ, ಕೆಳಗೆ ಕ್ಲಾಸು ಕೊಡದೆ ಇದ್ದದ್ದು ಅವರು, ವರ್ಷ ಕಳೆದುಕೊಳ್ಳೋದು ನಾನಾ ಅಂತ, ಅಂಗವಿಕಲ ಮಕ್ಕಳ ದೂರು ಕೇಳುವುದಕ್ಕೆ ಕಾಲೇಜಿನಲ್ಲೇ ಒಂದು ಸಮಿತಿ ಇದೆ ಅಂತ ಮಾಯಣ್ಣನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಅದರ ಬೋರ್ಡಿನ ಧೂಳು ಒರೆಸುತ್ತಿದ್ದವನು ಅವನೇ, ಅವತ್ತು ಸಮಿತಿಗೆ ಕೂತವರು ಪ್ರಿನ್ಸಿಪಾಲ್ ಶ್ರೀರಂಗಯ್ಯನವರು, ಇಬ್ಬರು ಮೇಷ್ಟ್ರು, ಹೊರಗಿನ ಸದಸ್ಯರು ಅಂತ ತುಮಕೂರಿನಿಂದ ಬಂದ ಸುನಂದಾ ಮೇಡಂ, ಮಾಯಣ್ಣ ಬಾಗಿಲ ಹೊರಗೆ ಸ್ಟೂಲಿನ ಮೇಲೆ, ಶಿವಮೂರ್ತಿ ಬಂದು ಬಗ್ಗಿ, ಕೇಳಿದ್ರೆ ಸೈನ್ ನಂದೇ ಅನ್ನು, ಅಷ್ಟೇ ಸಾಕು, ಜೂನ್‌ಗೆ ಕಂಟ್ರಾಕ್ಟ್ ಲಿಸ್ಟ್ ಹೋಗುತ್ತೆ, ಗೊತ್ತಲ್ಲ ಅಂದರು, ಗೊತ್ತಿತ್ತು, ಅವನ ವಯಸ್ಸಿನವನನ್ನು ಇನ್ನೊಂದು ಕಡೆ ಯಾರು ಇಟ್ಟುಕೊಳ್ಳುತ್ತಾರೆ.

ಕರೆದಾಗ ಒಳಗೆ ಹೋದರೆ ಫ್ಯಾನು ತಿರುಗುತ್ತಿತ್ತು, ಜ್ಞಾನೇಶ ಮೇಜಿನ ತುದಿಯಲ್ಲಿ, ಅವನ ಅಪ್ಪ ಮರುಳಪ್ಪನವರು ಗೋಡೆಯ ಪಕ್ಕದಲ್ಲಿ ಟವೆಲ್ ಹಿಂಡುತ್ತಾ ನಿಂತಿದ್ದರು, ಕೂತ್ಕೊಳ್ಳಿ ಅಂದರು ಮೇಡಂ, ಮಾಯಣ್ಣ ಕೂರಲಿಲ್ಲ, ಆ ರೂಮಿನಲ್ಲಿ ಅವನು ಕೂತವನೇ ಅಲ್ಲ, ಮೊದಲು ನಿಮಗೆ ಓದಿ ಹೇಳ್ತೀನಿ, ಆಮೇಲೆ ಕೇಳ್ತೀನಿ ಅಂದರು ಮೇಡಂ, ಮಾಯಣ್ಣ ಸೈನ್ ಹಾಕಿದ್ದ ಹಾಳೆಯನ್ನು ಓದಿದರು, ವಿದ್ಯಾರ್ಥಿಯನ್ನು ದಿನಾ ಎತ್ತಿಕೊಂಡು ಹೋಗುವ ವ್ಯವಸ್ಥೆ ಇತ್ತು, ವಿದ್ಯಾರ್ಥಿ ಅದನ್ನು ಕಾರಣವಿಲ್ಲದೆ ನಿರಾಕರಿಸಿದ, ಆ ದಿನಗಳಲ್ಲಿ ಕಾಲೇಜಿಗೇ ಬರಲಿಲ್ಲ, ಇದಕ್ಕೆ ನಾನೇ ಸಾಕ್ಷಿ — ಆಮೇಲೆ ಹುಡುಗನ ದೂರನ್ನೂ ಓದಿದರು, ಅದರಲ್ಲಿ ಮಾಯಣ್ಣನ ಹೆಸರು ಇರಲಿಲ್ಲ, ಗೋಣಿ ಇತ್ತು, ನನ್ನನ್ನು ಹೊರುವ ಮುಂಚೆ ಹೆಗಲಿಗೆ ಗೋಣಿ ಹಾಕಿಕೊಳ್ಳುತ್ತಿದ್ದರು, ಹೊತ್ತವರು ಒಳ್ಳೆಯವರು, ನಾನು ಮೂಟೆ ಅಲ್ಲ, ಅಷ್ಟೇ ಬರೆದಿದ್ದ, ಮಾಯಣ್ಣನ ಕೈ ಹೆಗಲಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ, ಸಹಿ ನಿಮ್ಮದಾ ಅಂದರು ಮೇಡಂ, ಸೈನ್ ನಂದೇ ತಾಯಿ, ಮಾತು ನಂದಲ್ಲ ಅಂದ, ಶ್ರೀರಂಗಯ್ಯನವರು, ಮಾಯಣ್ಣ ಯೋಚನೆ ಮಾಡಿ ಹೇಳು ಅಂದರು, ಮಾಡಿದೀನಿ ಸ್ವಾಮಿ ಅಂದ, ಅವ್ನು ಬರ್ನಿಲ್ಲ ಅನ್ನೋದು ಸುಳ್ಳು, ಒಂದು ದಿನ ತಪ್ಪಿಸ್ನಿಲ್ಲ, ರಿಜಿಸ್ಟರಲ್ಲಿ ಇಲ್ವಲ್ಲ ಅಂದರು ಒಬ್ಬ ಮೇಷ್ಟ್ರು, ರಿಜಿಸ್ಟರ್ ಮ್ಯಾಲಿತ್ತು ಸಾರ್, ಹುಡುಗ ಕೆಳಗಿದ್ದ ಅಂದ, ಅಂದ ಮೇಲೆ ಒಂದೊಂದಾಗಿ ಬಂತು, ಬರೆಯದವನಿಗೆ ಇರುವುದು ನೆನಪೊಂದೇ, ಬೆಲ್ಲು ಕಟ್ಟಿದ್ದ ಹಗ್ಗ ಹರಿದ ದಿನ ಹೊಂಗೆ ಕೆಳಗಿದ್ದ, ಹಗ್ಗಕ್ಕೆ ಗಂಟು ಹಾಕಿಕೊಟ್ಟವನು ಅವನೇ, ಟ್ಯಾಂಕು ಖಾಲಿಯಾಗಿ ಮಧ್ಯಾಹ್ನಕ್ಕೇ ಬಿಟ್ಟ ದಿನ ಇದ್ದ, ಮಾರನೇ ದಿನವೂ, ಎಳನೀರು ಗಾಡಿ ಗೇಟಿಗೆ ಗುದ್ದಿದ ದಿನ ಇದ್ದ, ತೆಂಗಿನ ಗರಿ ಕರೆಂಟ್ ತಂತಿ ಮೇಲೆ ಬಿದ್ದ ದಿನ ಇದ್ದ, ಹೆಜ್ಜೇನು ಎದ್ದಾಗ ಎಲ್ಲರೂ ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡರಲ್ಲ, ನೀವೂ ಹತ್ತಿದ್ರಿ ಸಾರ್, ಅವತ್ತು ಅವನೊಬ್ಬ ಕೆಳಗೆ, ಬ್ಯಾಗು ತಲೆ ಮೇಲೆ ಕವುಚಿಕೊಂಡು, ನಾನು ಕಂಬಳಿ ಹಾಕೋವಷ್ಟರಲ್ಲಿ ನಾಕು ಕಚ್ಚಿದ್ವು — ಮೇಡಂ ಬರೆದುಕೊಳ್ಳುತ್ತಾ ಹೋದರು, ಮಾಯಣ್ಣ ಹೇಳುತ್ತಾ ಹೋದ, ಮೂವತ್ತೊಂದು ದಿನ ಆಯಿತು, ಮರುಳಪ್ಪನವರ ಟವೆಲ್ಲು ಸುಮ್ಮನಾಯಿತು.

ಕೆಳಗಡೆ ಬೇರೆ ರೂಮು ಇಲ್ಲವೇ ಅಂತ ಮೇಡಂ ಕೇಳಿದ್ದು ಕೊನೆಗೆ, ಕೇಳಿದ್ದು ಶ್ರೀರಂಗಯ್ಯನವರನ್ನು, ಮೂರನೇ ರೂಮು ಒಂದಿದೆ, ಮುರಿದ ಬೆಂಚು, ಹಳೇ ಉತ್ತರಪತ್ರಿಕೆ ತುಂಬಿದೆ, ಖಾಲಿ ಮಾಡೋಕೆ ತಿಂಗಳುಗಟ್ಟಲೆ ಆಗುತ್ತೆ ಅಂದರು ಅವರು, ಮಾಯಣ್ಣನ ಕೈ ಈ ಸಲ ಹೆಗಲಿಗೆ ಹೋಗಲಿಲ್ಲ, ಸೊಂಟಕ್ಕೆ ಹೋಯಿತು, ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈಗಳಲ್ಲಿ ಮೂರನೇ ರೂಮಿನದು, ಮೂರು ವರ್ಷದಿಂದ ಅಲ್ಲೇ ಇತ್ತು, ಹುಡುಗನನ್ನು ಹೊತ್ತು ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಅದು ತೊಡೆಗೆ ತಾಗುತ್ತಿತ್ತು, ತಾಗುತ್ತಿತ್ತು ಅಂತ ಈಗ ತಿಳಿಯುತ್ತದೆ, ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಹೊರುವುದು ಗೊತ್ತಿದ್ದವನಿಗೆ ರೂಮು ತೆಗೆಯಬಹುದು ಅಂತ ಹೊಳೆಯಲೇ ಇಲ್ಲ, ಬಿಚ್ಚಿ ಮೇಜಿನ ಗಾಜಿನ ಮೇಲಿಟ್ಟ, ಟಣ್ ಅಂತು, ಅರ್ಧ ದಿನದ ಕೆಲಸ ತಾಯಿ ಅಂದ, ಜ್ಞಾನೇಶ ಬೀಗದ ಕೈಯನ್ನು ನೋಡಿದ, ಆಮೇಲೆ ಮಾಯಣ್ಣನನ್ನು ನೋಡಿದ, ಇಷ್ಟು ದಿನವೂ ನಿಮ್ಮ ಹತ್ರಾನೇ ಇತ್ತಾ ಅಂದ, ಇತ್ತಪ್ಪ ಅಂದ, ಹೊರಗೆ ಬಂದು ಸ್ಟೂಲಿನ ಮೇಲೆ ಕೂತರೆ ಶಿವಮೂರ್ತಿ ಅವನನ್ನು ದಾಟಿಕೊಂಡು ಹೋದರು, ಅವತ್ತಿನಿಂದ ಹೆಸರು ಹಿಡಿದು ಕರೆಯುವುದಿಲ್ಲ, ಏಯ್ ಅಂತಾರೆ, ಅನ್ನಲಿ.

ಮೂರನೇ ರೂಮು ಖಾಲಿ ಮಾಡಿ ಅಂತ ಸಮಿತಿ ಬರೆಯಿತು, ಮಾರನೇ ಬೆಳಿಗ್ಗೆ ಬೆಂಚು ಹೊರಗೆ ಹಾಕಿ, ಕಾಗದ ಕಟ್ಟಿ, ನೆಲ ತೊಳೆದು ಮುಗಿದಾಗ ಊಟದ ಬೆಲ್ಲಿಗೆ ಇನ್ನೂ ಹತ್ತು ನಿಮಿಷ ಇತ್ತು, ಮರುದಿನದಿಂದ ಕ್ಲಾಸು ಕೆಳಗೆ, ಮೂವತ್ತೊಂದು ದಿನ ಹಾಜರಿಗೆ ಸೇರಿತು, ಹಾಲ್ ಟಿಕೆಟ್ ಬಂತು, ಪರೀಕ್ಷೆಯೂ ಅದೇ ರೂಮಿನಲ್ಲಿ, ಹೊಸಲು ನಾಲ್ಕು ಬೆರಳು ಎತ್ತರ ಅಂತ ಮಾಯಣ್ಣ ಎರಡು ಹಲಗೆ ಇಳಿಜಾರಾಗಿ ಇಟ್ಟ, ಮಳೆ ಹಿಡಿದ ಮೇಲೆ ಹಲಗೆ ಜಾರುತ್ತಿತ್ತು, ಮೇಲೊಂದು ಏನಾದರೂ ಹಾಸಬೇಕು, ಹುಡುಕಿದ, ಮೊಳೆಯಲ್ಲಿ ಅದೇ ಇತ್ತು — ಈಗ ಅದು ಕಾಲ ಕೆಳಗೆ, ಒದ್ದೆಯ ವಾಸನೆ, ಒಳಗೆ ಕೊನೇ ಪೇಪರು, ಮಾಯಣ್ಣ ಗಡಿಯಾರ ನೋಡಿದ, ಎದ್ದ, ಬೆಲ್ಲು ಹೊಡೆದ, ಹುಡುಗರು ಹೊರಗೆ ಬಂದರು, ಲೇ ಮುಗೀತು ಕಣ್ಲಾ, ನಡಿ ಕೋಡುಬಳೆ ತಿನ್ನೋಣ ಅಂತ ಒಬ್ಬ, ಎಲ್ಲರ ಹಿಂದೆ ಕುರ್ಚಿ ಬಂತು, ಹಲಗೆಯ ತುದಿಗೆ ನಿಂತಿತು, ಜ್ಞಾನೇಶ ಕೆಳಗೆ ನೋಡಿದ, ಇದು ಅದೇನಾ ಅಂದ, ಅದೇಯಾ ಅಂದ ಮಾಯಣ್ಣ, ತಳ್ಳಲು ಕೈ ಹೋಯಿತು, ಹಿಂದಕ್ಕೆ ಎಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ, ಚೆನ್ನಾಗಿ ಬರ್ದ್ಯಾ ಅಂದ, ಬರ್ದೆ, ಬತ್ತೀನಿ ಮಾಯಣ್ಣ ಅಂದ, ತಾನೇ ಗಾಲಿ ಹಿಡಿದು ಇಳಿದ, ಅಂಗಳದ ಕೆಸರು ದಾಟಿದ, ಸ್ಕೂಟರಿಗೆ ಜರುಗಿದ, ಗೇಟು, ಹಾಲ್ಕುರಿಕೆ ಕಡೆಯ ತಿರುವು, ಅಷ್ಟೇ, ಹೋದ, ಪರೀಕ್ಷೆ ಮುಗಿಯಿತು, ಹಲಗೆ ತೆಗೆದಿಡಬೇಕು, ಅದಕ್ಕೆ ಮೊದಲು ಗೋಣಿ ತೆಗೆಯಬೇಕು, ಮಾಯಣ್ಣ ಬಗ್ಗಿದ, ಹಿಡಿದ, ಮಡಿಸಲು ಕೈ ಬರಲಿಲ್ಲ, ಗೋಣಿಯ ಮೇಲೆ ಎರಡು ಕೆಸರಿನ ಗೆರೆ, ಬಾಗಿಲಿನಿಂದ ಹೊರಕ್ಕೆ, ಪಕ್ಕಪಕ್ಕಕ್ಕೆ, ನೇರ, ಗೋಣಿಯ ಮೇಲೆ ಎರಡು ಗಾಲಿಯ ಗೆರೆ.