ತೊಳೆದ ಬುರುಡೆ

ಅನ್ಬರಜ್ಜಿಯ ಎರಡು ತಂತಿಯ ವಾದ್ಯ ದುತಾರ್ ಮುರಿದದ್ದು ಮೊಮ್ಮಗಳ ಸಂಬಂಧ ಕುದುರಿದ ದಿನವೇ. ಕೌದಿಯ ಅಡಿಯಲ್ಲಿದ್ದ ಅದರ ಮೇಲೆ ವರನ ಸೋದರತ್ತೆ, ಒಳ್ಳೇ ತೂಕದ ಹೆಂಗಸು, ಚಹಾ ಬಟ್ಟಲು ಹಿಡಿದು ಕೂತುಬಿಟ್ಟಳು. ಮರದ ಹತ್ತು ಪಟ್ಟಿ ಅಂಟಿಸಿ ಮಾಡಿದ ಅದರ ಬುರುಡೆಯಲ್ಲಿ ಒಂದು ಪಟ್ಟಿ ಪುಡಿಯಾಯಿತು.

"ಶುಕ್ರವಾರ ಮದುವೆ ಕಣೋ ಉಸ್ತಾ. ನಮ್ಮಜ್ಜಿ ಇದನ್ನ ನುಡಿಸಿ ನನ್ನ ಗಂಡನ ಮನೆಗೆ ಕಳಿಸಿದ್ಲು. ನಾನು ಬರಿಗೈ ಬೀಸಿ ಮೊಮ್ಮಗಳನ್ನ ಕಳಿಸ್ಲಾ?" ಎಂದು ಅಜ್ಜಿ ಅದನ್ನು ವಾದ್ಯ ದುರಸ್ತಿ ಮಾಡುವ ನನ್ನ ತೊಡೆಯ ಮೇಲಿಟ್ಟಳು.

ಹಳೆಯ ಪಟ್ಟಿಗಳ ನಡುವೆ ಹೊಸ ಹಿಪ್ಪುನೇರಳೆ ಮರದ ಪಟ್ಟಿ ಕೂರಿಸಿದರೆ ನಾದ ಅಲ್ಲೇ ಮಂಕಾಗುತ್ತದೆ. ಅಷ್ಟೇ ಹಳೆಯದು ಬೇಕು. ಆದರೆ ಬಿಡಿ ಪಟ್ಟಿ ಎಲ್ಲೂ ಸಿಗುವುದಿಲ್ಲ. ಗಟ್ಟಿಯಾಗಿರುವ ಬುರುಡೆಯನ್ನು ಬಿಚ್ಚುವುದಿಲ್ಲವೆಂದು ಗುರುವಿನೆದುರು ರೊಟ್ಟಿ ಮುಟ್ಟಿ ಆಣೆ ಮಾಡಿದವರು ನಾವು.

ಮಾಮಸೋಲಿ ಊರೂರು ತಿರುಗಿ ಹಳೆಯ ವಾದ್ಯಗಳ ಕುತ್ತಿಗೆ, ಬಿರಡೆ, ಬುರುಡೆಗಳನ್ನು ಕೊಂಡು ತಂದು ಮರ್ಗಿಲಾನಿನ ಭಾನುವಾರದ ಸಂತೆಯಲ್ಲಿ ಮಾರುವವನು. ಅವನ ಬಳಿ ಅಷ್ಟೇ ಹಳೆಯ ಒಂದು ಬುರುಡೆಯಿತ್ತು. ಯಾರದೋ ಮನೆಯಲ್ಲಿ ಹಿಟ್ಟು ಮೊಗೆಯುತ್ತಿದ್ದದ್ದು. ತಟ್ಟಿದರೆ ಗಂಟೆಯಂತೆ ನುಡಿಯಿತು. ಒಂದು ಬಿರುಕೂ ಇರಲಿಲ್ಲ. ಅದೇ ತೊಂದರೆ. ಕೊಳ್ಳುತ್ತೇನೆಂದು ಹೇಳಿ ಬಂದೆನಾದರೂ ಮೂರು ದಿನ ಉಂಡದ್ದು ಮೈಗೆ ಹತ್ತಲಿಲ್ಲ.

ಬುಧವಾರ ಬೆಳಿಗ್ಗೆ ಹೋದಾಗ ಅವನ ಅಂಗಳದಲ್ಲಿ ಜಗಳ ನಡೆದಿತ್ತು.

"ಬಾ ಉಸ್ತಾ, ನಮ್ಮ ಮಹಾರಾಣಿ ಮಾಡಿರೋ ಘನಂದಾರಿ ಕೆಲಸ ನೋಡು!"

ಜಗಲಿಯ ಬಿಸಿಲಲ್ಲಿ ಆ ಬುರುಡೆಯ ಹತ್ತು ಪಟ್ಟಿಗಳು ಬಿಡಿಬಿಡಿಯಾಗಿ, ಸಾಲಾಗಿ ಮಲಗಿದ್ದವು.

"ಹಿಟ್ಟು, ಮಸಿ ಮೆತ್ಕೊಂಡಿತ್ತು. ಗಿರಾಕಿ ಬರ್ತಾರಲ್ಲ ಅಂತ ಮೊನ್ನೆ ಬಿಸಿನೀರಲ್ಲಿ ನೆನೆಹಾಕಿ ತೊಳ್ದೆ," ಎಂದಳು ಅವನ ಹೆಂಡತಿ ಖೋಸಿಯತ್.

"ಮೂವತ್ತು ವರ್ಷ ನನ್ನ ಜೊತೆ ಬಾಳಿ, ತೊಗಲಿನ ಅಂಟು ನೀರಿಗೆ ಬಿಡುತ್ತೆ ಅಂತ ಗೊತ್ತಿಲ್ವಾ?"

"ಮೂವತ್ತು ವರ್ಷ ನೀನು ತಂದಿದ್ದೆಲ್ಲ ಮುರ್ಕಲೇ. ಗಟ್ಟಿ ಇರೋದನ್ನ ಹೇಗೆ ನೋಡ್ಕೋಬೇಕು ಅಂತ ನಂಗೇನು ಗೊತ್ತು?"

ನಾನು ಒಂದೊಂದೇ ಪಟ್ಟಿಯೆತ್ತಿ ಉಗುರಿನಿಂದ ಬಡಿದೆ. ನಾಲ್ಕನೆಯದು ಸರಿಯಾಗಿ ನುಡಿಯಿತು. ಬಾಗೂ ಹೆಚ್ಚುಕಡಿಮೆ ಒಂದೇ; ಸ್ವಲ್ಪ ಕೆರೆದರೆ ಸಾಕು. ತಡೆಯಲಾರದೆ ನಕ್ಕೆ.

"ಅತ್ತಿಗೇ, ನನ್ನ ಆಣೆ ಉಳಿಸಿದ್ಯಲ್ಲ! ನಂಗೆ ಬೇಕಾಗಿದ್ದೇ ಒಂದು ಪಟ್ಟಿ."

ಮಾಮಸೋಲಿಯ ಮುಖ ಅರೆಗಳಿಗೆಯಲ್ಲಿ ಬದಲಾಯಿತು. ನನ್ನ ಕೈ ಹಿಡಿದು, ಬೆಲೆ ಕುದುರಿಸುವ ಕುರಿ ವ್ಯಾಪಾರದವರಂತೆ ಭುಜ ಕಳಚುವ ಹಾಗೆ ಕುಲುಕತೊಡಗಿದ.

"ಬಿಡಿ ಪಟ್ಟಿ ಅಂದ್ರೆ ಅಪರೂಪದ ಸರಕು ಉಸ್ತಾ! ಇಡೀ ಕಣಿವೇಲಿ ಹುಡುಕು, ಸಿಗಲ್ಲ. ಬಿಡಿಸೋದು ಅಂದ್ರೆ ಏನು ನಾಜೂಕಿನ ಕೆಲಸ ಅಂತೀಯ!"

"ಬಿಡಿಸಿದ್ದು ಯಾರು?" ಎಂದಳು ಖೋಸಿಯತ್.

ಅವನು ಕೇಳಿದ ಬೆಲೆ ಕೊಟ್ಟು, ಪಟ್ಟಿ ತಂದು ದುತಾರ್‌ಗೆ ಕೂರಿಸಿದೆ.

ಶುಕ್ರವಾರ ಮದುವೆಮನೆಯಲ್ಲಿ ಹೆಂಗಸರು ಒಳ ಅಂಗಳದಲ್ಲಿ. ನಾವು ಗಂಡಸರು ಗೋಡೆಯಾಚೆ ಪಲಾವಿನ ತಟ್ಟೆಯ ಸುತ್ತ. ವಧುವನ್ನು ಹೊರಡಿಸುವ ಹೊತ್ತಿಗೆ ಅಜ್ಜಿಯ ದುತಾರ್ ನುಡಿಯಿತು. ರೇಷ್ಮೆ ತಂತಿಯ ದನಿ ಒಂದಿಷ್ಟೂ ಒಡೆಯದೆ ಗೋಡೆ ದಾಟಿ ಬಂತು. ನನ್ನ ಕೈ ತಟ್ಟೆಯಲ್ಲೇ ನಿಂತಿತು.

ನುಡಿಸಾಣಿಕೆ ಮುಗಿದೊಡನೆ ಆಚೆಯಿಂದ ಖೋಸಿಯತಳ ಗಂಟಲು ಕೇಳಿಸಿತು:

"ಹೆಂಗಿತ್ತು? ಅದನ್ನ ತೊಳೆದಿದ್ದು ನಾನು!"