ಪಾಳಣಾಘರದ ಪಂಕ್ತಿ

ಶುಭದಾ ನನ್ನ ಫೋಟೋ ತೆಗೆದದ್ದು ಖಾನಾಪುರದ ಸಂತೆಯಲ್ಲಿ, ಅದೂ ಹಿಂದಿನಿಂದ. ಸಂತೆ ಮುರಿಯುವ ಹೊತ್ತು. ನಾನು ಗೋಣಿತಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬದನೆಕಾಯಿ ಗುಂಪಿಗೆ ಚೌಕಾಸಿ ಮಾಡುತ್ತಿದ್ದೆ. ತವರಿಗೆಂದು ಬಂದಿದ್ದವಳು ಎದುರಿಗೆ ಬಂದು ಮಾತಾಡಿದ್ದರೆ ಅವಳ ಅಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅವಳು ಫೋಟೋ ತೆಗೆದು ಪಾಲಕರ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ ಬರೆದಳು: "ನಮ್ಮ ಮಕ್ಕಳ ಊಟ ಬರೂದು ಇಲ್ಲಿಂದ. ಎಲ್ಲಾರೂ ನೋಡ್ರಿ."

ಬಸ್ಸಿನಲ್ಲಿ ಅದನ್ನು ನೋಡಿದಾಗ ನನ್ನ ಮೈಯೆಲ್ಲ ಉರಿಯಿತು. ಅವಳ ಮಗಳು ಮುಗ್ಧಾ ಎರಡು ವರ್ಷದಿಂದ ನನ್ನ ಮನೆಯ ಅನ್ನ ತಿನ್ನುತ್ತಿದ್ದಾಳೆ. ಉಂಡ ಮನೆಯ ಗಳ ಎಣಿಸಬಾರದು ಎನ್ನುತ್ತಾರೆ. ಇವಳು ಎಣಿಸಿದ್ದಲ್ಲದೆ ಊರಿಗೆಲ್ಲ ಡಂಗುರ ಹೊಡೆದಳು.

ಪೀರನವಾಡಿಯಲ್ಲಿ ನನ್ನ ಬಾಡಿಗೆ ಮನೆಯೇ ಪಾಳಣಾಘರ. ತಾಯಂದಿರು ಕೆಲಸಕ್ಕೆ ಹೋಗುವ ಮನೆಗಳ ಎಂಟು ಮಕ್ಕಳು ಬೆಳಿಗ್ಗೆ ಬಂದು ಸಂಜೆ ಹೋಗುತ್ತವೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಬೇಳೆ, ಪಲ್ಯ, ಸಂಜೆ ಹಾಲು, ಚುರುಮುರಿ. ಎಲ್ಲವೂ ತಿಂಗಳ ಫೀಯಲ್ಲೇ ಬರಬೇಕು. ಎಣ್ಣೆಯ ದರ ಏರಿತು, ತೊಗರಿಬೇಳೆಯ ದರ ಏರಿತು, ಹಾಲಿನದಂತೂ ಕೇಳಲೇಬೇಡಿ. ಫೀ ಮಾತ್ರ ಇದ್ದಲ್ಲೇ ಇತ್ತು. ನನ್ನ ಗಂಡ ಗುರುಪುತ್ರಪ್ಪ ಖಾನಾಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅಲ್ಲಿಂದ ಹಳೆಯ ಅಕ್ಕಿಯನ್ನು ಗಿರಣಿಯ ದರಕ್ಕೆ ತರುತ್ತಾನೆ. ಹೊಸದಕ್ಕಿಂತ ಹಳೆಯದು ಅನ್ನ ಹೆಚ್ಚು ಒದಗುತ್ತದೆ. ನಾನು ರವಿವಾರ ಹೋಗಿ ಸಂತೆ ಮುರಿಯುವವರೆಗೆ ಕಾಯುತ್ತೇನೆ, ಮಾರುವವರು ಗುಂಪಿ ಹಾಕಿ ಕೊಡುತ್ತಾರೆ. ಕೊಳೆತದ್ದು ತರುವುದಿಲ್ಲ. ಬಾಗಿದ್ದು, ಸಣ್ಣದು, ಬಣ್ಣ ಮಾಸಿದ್ದು ತರುತ್ತೇನೆ. ಹೆಚ್ಚಿ ಒಗ್ಗರಣೆ ಹಾಕಿದ ಮೇಲೆ ಬದನೆಕಾಯಿಗೆ ಸೊಟ್ಟ ಮೋರೆ ಎಲ್ಲಿರುತ್ತದೆ?

ಇಷ್ಟು ಮಾಡಿದರೂ ಸಾಲಲಿಲ್ಲ. ಮುಂದಿನ ತಿಂಗಳಿನಿಂದ ಮಗುವಿಗೆ ಮುನ್ನೂರು ರೂಪಾಯಿ ಹೆಚ್ಚು ಕೊಡಿ ಎಂದು ಆ ವಾರವಷ್ಟೇ ಎಲ್ಲರಿಗೂ ಹೇಳಿದ್ದೆ. ಅದು ಸಿಗದಿದ್ದರೆ ಬಾಡಿಗೆ ಕಟ್ಟಲಾಗುವುದಿಲ್ಲ, ಪಾಳಣಾಘರ ಮುಚ್ಚಿ ಪಾರಿಶ್ವಾಡದ ದೊಡ್ಡ ಮನೆಗೆ ಹೋಗಬೇಕು. ಅಲ್ಲಿ ಅಡಿಗೆಮನೆಯ ಕೀಲಿ ನನ್ನ ನೆಗೆಣ್ಣಿಯ ಸೊಂಟದಲ್ಲಿದೆ. ಆರು ವರ್ಷ ಅವಳ ಕೈ ನೋಡಿ ಸಕ್ಕರೆ ಕೇಳಿದ್ದೇನೆ. ಮತ್ತೆ ಕೇಳುವುದಕ್ಕಿಂತ ಮಲಪ್ರಭೆಗೆ ಹಾರುವುದು ಮೇಲು.

ಸೋಮವಾರ ಸಂಜೆ ಪಾಲಕರೆಲ್ಲ ನನ್ನ ಪಡಸಾಲೆಯಲ್ಲಿ ಸೇರಿದರು. ಶುಭದಾ ಬ್ಯಾಂಕಿನಿಂದ ನೇರ ಬಂದವಳು, ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ಫೋಟೋದ ಬಗ್ಗೆ ನಾನು ಕೇಳುವ ಮೊದಲೇ ಅವಳೇ ಶುರು ಮಾಡಿದಳು.

"ಮಾವಶಿ, ಸಿಟ್ಟಾಗಬ್ಯಾಡ್ರಿ. ನಿಮಗೂ ಖರ್ಚ ತಾಪ, ನಮಗೂ ಚಿಂತಿ. ಇನ್ನ ಮುಂದ ನಮ್ಮ ನಮ್ಮ ಮಕ್ಕಳ ಡಬ್ಬಿ ನಾವ ಕಟ್ಟಿ ಕಳಸ್ತೀವಿ. ನೀವು ನೋಡಕೊಳ್ಳೋದಷ್ಟ ಮಾಡ್ರಿ. ಫೀದಾಗ ಊಟದ್ದು ಕಡಿಮಿ ಮಾಡ್ರಿ."

"ಛಲೋ ಹೇಳಿದ್ರಿ," ಎಂದ ಪ್ರಸಾದ. ಅವನ ಮಗ ಸುಮಿತ ನನ್ನ ಮನೆಯಲ್ಲಿ ಮೂರು ಸಲ ಬಡಿಸಿಕೊಂಡು ಉಣ್ಣುತ್ತಾನೆ.

ಸಪ್ನಾ ಮಾತ್ರ ಎದ್ದು ಮಗನ ಚೀಲ ಹುಡುಕತೊಡಗಿದಳು. ಅವಳು ಸೀರೆ ಅಂಗಡಿಯಲ್ಲಿ ನಿಲ್ಲುವವಳು, ಒಬ್ಬಳೇ ದುಡಿದು ಮಗ ರೋಹನನನ್ನು ಸಾಕುವವಳು. ಬೆಳಿಗ್ಗೆ ಡಬ್ಬಿ ಕಟ್ಟಲು ಅವಳಿಗೆ ಹೊತ್ತೂ ಇಲ್ಲ, ಡಬ್ಬಿಯಲ್ಲಿಡಲು ಬಗೆಬಗೆಯದೂ ಇಲ್ಲ. ಅದು ನನಗೆ ಗೊತ್ತಿತ್ತು. ಊಟದ ದುಡ್ಡು ತೆಗೆದರೆ ನನಗೆ ಉಳಿಯುವುದೇನೂ ಇಲ್ಲ ಎಂಬುದೂ ಗೊತ್ತಿತ್ತು. ಆದರೆ ಸಿಟ್ಟು ನೆತ್ತಿಗೇರಿತ್ತು.

"ತರ್ರಿ," ಎಂದೆ. "ನಾಳಿಂದನ ತರ್ರಿ. ನನ್ನ ಕೈ ಅಡಗಿ ಬ್ಯಾಡಾದವರಿಗೆ ನಾ ಯಾಕ ಒಲಿ ಮುಂದ ಸಾಯ್ಲಿ?"

ಒಳಗಿನಿಂದ ಅತ್ತೆ ಭರಮವ್ವ ಕೇಳಿಸಿಕೊಂಡಳು. ಮಕ್ಕಳಿಗೆ ಬಡಿಸುವವಳು ಅವಳೇ. ಎಪ್ಪತ್ತರ ಮುದುಕಿ, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಎಂಟು ತಟ್ಟೆಗಳನ್ನು ಸಾಲಾಗಿ ಇಟ್ಟು ಈ ತುದಿಯಿಂದ ಆ ತುದಿಗೆ ಬಡಿಸುತ್ತ ಹೋಗುತ್ತಾಳೆ. ಎಲ್ಲ ತಟ್ಟೆಗೂ ಬಿದ್ದ ಮೇಲೆಯೇ ಮೊದಲ ತುತ್ತು. ಅವಳ ತವರಿನಲ್ಲಿ ದಾಸೋಹ ನಡೆಯುತ್ತಿತ್ತಂತೆ. ಅದನ್ನು ನನಗೆ ಹೇಳದ ದಿನವಿಲ್ಲ.

ಮರುದಿನ ಎಂಟು ಡಬ್ಬಿ ಬಂದವು. ಸುಮಿತನದರಲ್ಲಿ ತುಪ್ಪದ ಚಪಾತಿ, ಗೋಡಂಬಿ. ಒಬ್ಬರದರಲ್ಲಿ ಬಿಸ್ಕಿಟ್ಟಿನ ಪುಡಿಕೆ ಮಾತ್ರ. ರೋಹನನದರಲ್ಲಿ ತಂಗಳ ರೊಟ್ಟಿ, ಶೇಂಗಾ ಚಟ್ನಿ. ಮುಗ್ಧಾಳದರಲ್ಲಿ ಹಳದಿ ಒಗ್ಗರಣೆ ಅನ್ನ. ನಾಲ್ಕು ವರ್ಷದ ಆ ಹುಡುಗಿ ಕಡ್ಡಿಯಂತಿದ್ದಾಳೆ. ತುತ್ತನ್ನು ಗಲ್ಲದಲ್ಲಿ ಇಟ್ಟುಕೊಂಡು ಕುಳಿತರೆ ಗಂಟೆಯಾದರೂ ನುಂಗುವುದಿಲ್ಲ. ಅವಳಿಗೆ ಉಣಿಸುವುದರಲ್ಲಿ ಅತ್ತೆಯ ಅರ್ಧ ಮಧ್ಯಾಹ್ನ ಹೋಗುತ್ತಿತ್ತು.

ಡಬ್ಬಿಗಳು ತೆರೆದವು. ಸುಮಿತ ಗೋಡಂಬಿಯನ್ನು ಒಂದೊಂದಾಗಿ ಎತ್ತಿ ತೋರಿಸಿ ತಿಂದ. ರೋಹನ ತನ್ನ ಡಬ್ಬಿ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಳಿತ. ಅತ್ತೆ ಅದನ್ನೆಲ್ಲ ನೋಡುತ್ತ ನಿಂತಳು, ಆಮೇಲೆ ಅಡಿಗೆಮನೆಗೆ ಬಂದಳು.

"ಇದೇನ ಪಂಕ್ತಿ ಐತೇನ? ಒಬ್ಬಾಂವ ಗ್ವಾಡಿ ನೋಡಕೋಂತ ಉಣ್ಣಾಕತ್ತಾನ."

"ಅವರವರ ರೊಕ್ಕ, ಅವರವರ ಡಬ್ಬಿ. ನನಗ್ಯಾಕ ಕೇಳ್ತೀರಿ?"

"ನಿನ್ನ ಮನಿ, ನಿನ್ನ ಪಡಸಾಲಿ. ನಿನ್ನ ಕೇಳಲಾರದ ಯಾರಿಗೆ ಕೇಳ್ಲಿ? ಪಂಕ್ತ್ಯಾಗ ಭೇದ ಮಾಡಿದ ಮನ್ಯಾಗ ನಾ ಉಣ್ಣೂದಿಲ್ಲ."

"ಉಣ್ಣಬ್ಯಾಡ್ರಿ. ಅಷ್ಟ ಅಕ್ಕಿ ಉಳೀತೈತಿ," ಎಂದೆ. ಬಾಯಿಂದ ಬಂದೇಬಿಟ್ಟಿತು. ಅವಳು ನಿಜವಾಗಿಯೂ ಉಣ್ಣಲಿಲ್ಲ. ಹಟ ಅಂದರೆ ಹಟ. ರಾತ್ರಿ ನನ್ನ ಗಂಡ ಬಂದು ಕೇಳಿದರೆ ಹಾಲು ಕುಡಿದಿದ್ದೇನೆ ಎಂದಳು. ಆ ಹಾಲು ಮಕ್ಕಳದ್ದು, ಅದಕ್ಕೂ ದುಡ್ಡು ಯಾರು ಕೊಡುತ್ತಾರೆ ಎಂದು ನಾನು ಒಳಗೊಳಗೇ ಕುದ್ದೆ.

ಅದರ ಮರುದಿನ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಪಡಸಾಲೆಯಲ್ಲಿ ನಗೆ ಕೇಳಿಸಿತು. ಬಂದು ನೋಡಿದರೆ ಅತ್ತೆ ದೊಡ್ಡ ಪರಾತದಲ್ಲಿ ಎಂಟೂ ಡಬ್ಬಿ ಸುರಿದು, ಮೇಲೆ ಮನೆಯ ಮೊಸರು ಹಾಕಿ, ಕೈಯಿಂದ ಕಲಸಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸರದಿಯಂತೆ ಕೈತುತ್ತು ಇಡುತ್ತಿದ್ದಳು. ಚಪಾತಿ, ರೊಟ್ಟಿ, ಅನ್ನ, ಗೋಡಂಬಿ ಎಲ್ಲ ಒಂದಾಗಿತ್ತು. ಮುಗ್ಧಾ ಬಾಯಿ ತೆರೆದು ಕಾಯುತ್ತಿದ್ದಳು. ನುಂಗುತ್ತಲೂ ಇದ್ದಳು.

ಆಗ ರೋಹನ ಹೇಳಿದ, "ಅಜ್ಜಿ, ನನಗ ತತ್ತಿ ಇದ್ದಿದ್ದ ತುತ್ತ ಕೊಡ."

ಅತ್ತೆಯ ಕೈ ನಿಂತಿತು. ಹುಟ್ಟಿದಾಗಿನಿಂದ ಕೋಳಿಮೊಟ್ಟೆ ಮುಟ್ಟದ ಕೈ ಅದು. ಪನೀರ್ ಅಂದುಕೊಂಡು ಕಲಸಿದ್ದಳು. ನಾನು ಡಬ್ಬಿಗಳನ್ನು ಒಂದೊಂದಾಗಿ ಮೂಸಿದೆ. ವಾಸನೆ ಬಂದದ್ದು ಮುಗ್ಧಾಳ ಡಬ್ಬಿಯಿಂದ. ಸಪ್ನಾಳ ಮನೆಯದಲ್ಲ, ಬೇರೆ ಯಾರದ್ದೂ ಅಲ್ಲ. ಯಾರಾದರೂ ಈರುಳ್ಳಿ ತಿಂದರೂ ಮೂಗು ಮುರಿಯುವ ಕೃಷ್ಣಾಜಿರಾಯರು ಶುಭದಾಳ ಮಾವ; ಅವರ ಮೊಮ್ಮಗಳ ಡಬ್ಬಿ ಇದು.

ಅತ್ತೆ ಕೈಯಲ್ಲಿದ್ದ ತುತ್ತನ್ನು ಚೆಲ್ಲಲಿಲ್ಲ. ಅದನ್ನು ರೋಹನನ ಬಾಯಿಗಿಟ್ಟು, ಎದ್ದು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು.

ನನಗೆ ಆದ ಖುಷಿಯನ್ನು ಯಾಕೆ ಮುಚ್ಚಿಡಲಿ? ಬ್ಯಾಂಕಿಗೆ ಫೋನ್ ಮಾಡಿ, ತಕ್ಷಣ ಬರ್ರಿ ಎಂದಷ್ಟೇ ಹೇಳಿದೆ. ಶುಭದಾ ರಿಕ್ಷಾ ಹಿಡಿದು ಓಡಿ ಬಂದಳು.

"ಮುಗ್ಧಾಗ ಏನಾತು?"

"ಏನೂ ಆಗಿಲ್ಲ. ಗಡದ್ದಾಗಿ ಉಂಡಾಳ. ಆಕಿ ಒಬ್ಬಾಕಿ ಅಲ್ಲ, ಎಂಟೂ ಮಂದಿ ನಿಮ್ಮ ತತ್ತಿ ಅನ್ನ ಉಂಡಾರ. ನಮ್ಮ ಅತ್ತಿನೂ ಅದಕ್ಕ ಕೈ ಹಚ್ಯಾರ."

ಅವಳು ಬೀದಿಯ ಕಡೆ ನೋಡಿದಳು. ಬಾಗಿಲು ಹಾಕಿಕೊಂಡು ಒಳಗೆ ಬಂದಳು. "ನನ್ನ ಡಬ್ಬಿ ಎಲ್ಲಾರಿಗೂ ಯಾಕ ಕೊಟ್ರಿ?"

"ನಿಮ್ಮ ಮನ್ಯಾಗ ತತ್ತಿ ಯಾವಾಗಿಂದ?"

"ಮನ್ಯಾಗ ಇಲ್ಲ. ಬಾಜೂ ಮನಿಯಾಕಿ ಕಡೆ ಮಾಡಿಸಿ ತರ್ತೀನಿ. ಡಾಕ್ಟರ್ ದಿನಾ ಒಂದ ಕೊಡ್ರಿ ಅಂದಾರ. ಹುಡುಗಿ ತೂಕ ಏರವಲ್ದು. ಮಾವಗ ಗೊತ್ತಾದ್ರ ನನ್ನ ಹೊರಗ ಹಾಕ್ತಾರ."

ಆಗ ನನಗೆ ಎಲ್ಲ ಹೊಳೆಯಿತು. "ಅಂದ್ರ ಡಬ್ಬಿ ಒಳಗ ಬರಬೇಕು ಅಂತ ನನ್ನ ಬದನಿಕಾಯಿ ಮಾನ ಕಳದ್ರಿ."

"ಕೇಳಿದ್ರ ಕೊಡ್ತಿದ್ರೇನು? ನಿಮ್ಮ ಹೊಸ್ತಲಾ ದಾಟಿಸ್ತಿದ್ರೇನು?" ಅವಳೂ ಕಡಿಮೆಯವಳಲ್ಲ. "ಬರೇ ನನಗ ಅಲ್ಲ, ಇದು ಹೊರಗ ಬಂದ್ರ ನಿಮ್ಮ ಪಾಳಣಾಘರಾನೂ ಬಂದ್ ಆಗ್ತೈತಿ. ಪ್ರಸಾದ ಮೊದಲ ಮಗನ್ನ ಬಿಡಿಸ್ತಾನ."

"ಬಂದ್ ಆಗಲಿ. ನನಗ ಪಾರಿಶ್ವಾಡ ಐತಿ. ನಿನಗ ಮಾವನ ಮನಿ ಬಿಟ್ರ ಏನೈತಿ?"

ರೀ ಹೋಗಿತ್ತು, ಬಹುವಚನ ಹೋಗಿತ್ತು. ಪಾರಿಶ್ವಾಡಕ್ಕೆ ಹೋಗುವುದಕ್ಕಿಂತ ನಾನು ಹೊಳೆ ಹಾರುವವಳು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳು ಕುರ್ಚಿಯಲ್ಲಿ ಕುಸಿದು ಕುಳಿತಳು.

"ಏನ ಮಾಡ್ಲಿ ಹೇಳ್ರಿ."

"ಗ್ರೂಪಿನ್ಯಾಗ ಬರಿ. ಕಾಂತಾ ಮಾವಶಿ ತರೂ ಕಾಯಿಪಲ್ಯಾ ಛಲೋ ಅದಾವ, ನಾ ತಪ್ಪು ತಿಳಕೊಂಡೆ ಅಂತ ಬರಿ. ಡಬ್ಬಿ ಬ್ಯಾಡ, ಮೊದಲಿನಂಗ ಇಲ್ಲೇ ಊಟ, ಹೆಚ್ಚಿನ ಮುನ್ನೂರು ಎಲ್ಲಾರೂ ಕೊಡೂಣು ಅಂತ ಬರಿ. ಇಲ್ಲಂದ್ರ ಸಂಜೀಕ ನಾನ ಹೋಗಿ ಕೃಷ್ಣಾಜಿರಾಯರಿಗೆ ಮೊಮ್ಮಗಳ ಡಬ್ಬಿ ಕೊಟ್ಟ ಬರ್ತೀನಿ."

"ಮತ್ತ ಮುಗ್ಧಾನ ತತ್ತಿ?"

"ಅದು ನಿನ್ನ ತಾಪತ್ರಯ."

ಅವಳು ಬರೆದಳು. ಒಂದೊಂದಾಗಿ ಒಪ್ಪಿಗೆಯ ಹೆಬ್ಬೆರಳು ಬರತೊಡಗಿದವು, ಮೊದಲನೆಯದು ಪ್ರಸಾದನದೇ. ಅಷ್ಟರಲ್ಲಿ ಅತ್ತೆ ಪೂಜೆ ಮುಗಿಸಿ ಒದ್ದೆ ಕೂದಲಿನಲ್ಲೇ ಪಡಸಾಲೆಗೆ ಬಂದಳು. ಶುಭದಾ ಎದ್ದು ನಿಂತು ತಲೆ ತಗ್ಗಿಸಿದಳು, ಬೈಗುಳಕ್ಕೆ ಕಾದಳು.

ಅತ್ತೆ ಬೈದದ್ದು ನನ್ನನ್ನು. "ತತ್ತಿ ಮುಟ್ಟಿದ್ದು ನೀರ ಹಾಕ್ಕೊಂಡ್ರ ಹೋಗ್ತೈತಿ. ಕೂಸಿನ ತುತ್ತ ಒತ್ತಿ ಇಟಗೊಂಡ ನೀ ಮಾತ ಗೆದ್ದಿ. ಅದು ಯಾ ನೀರಾಗ ಹೋಗ್ತೈತಿ?"

"ಬಾಡಗಿ ಕಟ್ಟವರು ಯಾರು, ನೀವೇನ?" ಎಂದೆ. ಅವಳು ಒದ್ದೆ ಕೂದಲು ಹಿಂಡಿಕೊಂಡು ಒಳಗೆ ಹೋದಳು.

ಹೊಸ ತಿಂಗಳು ಬಂತು. ಎಲ್ಲರೂ ಹೆಚ್ಚಿನ ದುಡ್ಡು ಕೊಟ್ಟರು. ಸಪ್ನಾ ಕೂಡ ಕಷ್ಟಪಟ್ಟು ಕೊಟ್ಟಳು. ಬಾಡಿಗೆ ಕಟ್ಟಿದೆ. ಒಲೆಯ ಮೇಲೆ ಮತ್ತೆ ದೊಡ್ಡ ಬೋಗುಣಿ ಏರಿತು, ತಟ್ಟೆಗಳು ಸಾಲಾದವು, ರೋಹನ ಗೋಡೆ ಬಿಟ್ಟು ಎಲ್ಲರ ಕಡೆ ತಿರುಗಿ ಉಂಡ. ಅತ್ತೆಯೂ ಉಂಡಳು, ಆದರೆ ನನ್ನ ಜೊತೆ ಮಾತು ಬಿಟ್ಟಳು. ತುತ್ತು ಕಸಿದವಳೇ ಉಣಿಸಲಿ ಎಂದು ಮುಗ್ಧಾಳಿಗೆ ಉಣಿಸುವುದನ್ನೂ ಬಿಟ್ಟಳು.

ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿ ಬಾಯಿ ತೆರೆಯುತ್ತಿದ್ದಳು, ತುತ್ತು ತೆಗೆದುಕೊಳ್ಳುತ್ತಿದ್ದಳು, ಗಲ್ಲ ಉಬ್ಬುತ್ತಿತ್ತು. ಕಥೆ ಹೇಳಿದೆ, ಗದರಿಸಿದೆ, ಬೆಲ್ಲ ತೋರಿಸಿದೆ. ಎಲ್ಲ ಮಕ್ಕಳೂ ಮಲಗಿದ ಮೇಲೂ ಅವಳು ಗಲ್ಲದಲ್ಲಿ ಅನ್ನ ಇಟ್ಟುಕೊಂಡು ನನ್ನನ್ನೇ ನೋಡುತ್ತ ಕುಳಿತಿದ್ದಳು.

"ನುಂಗ, ಇಲ್ಲಾಂದ್ರ ಉಗುಳ," ಎಂದು ಸಿಟ್ಟಿನಲ್ಲಿ ಅವಳ ಗದ್ದದ ಕೆಳಗೆ ಅಂಗೈ ಒಡ್ಡಿದೆ.

ಅವಳು ಉಗುಳಿದಳು. ಒಂದು ತುತ್ತಲ್ಲ, ಉಂಡಳು ಎಂದು ನಾನು ತಿಳಿದದ್ದೆಲ್ಲ ಅಲ್ಲೇ ಇತ್ತು. ಅಗಿದು ಅಗಿದು ಹಿಟ್ಟಾದ ಅನ್ನ, ಇನ್ನೂ ಬೆಚ್ಚಗಿತ್ತು. ಅವಳ ಮಣಿಕಟ್ಟು ನನ್ನ ಎರಡು ಬೆರಳಿನಷ್ಟೂ ದಪ್ಪ ಇರಲಿಲ್ಲ. ಇಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದರೆ ಸುಳ್ಳು. ಬಿದ್ದಿತ್ತು, ಅದು ಅವರ ಮನೆಯ ತಾಪತ್ರಯ ಎಂದು ಬಿಟ್ಟಿದ್ದೆ.

ಕೈ ತೊಳೆದು ಶುಭದಾಳಿಗೆ ಬರೆದೆ, ಗ್ರೂಪಿನಲ್ಲಿ ಅಲ್ಲ, ಅವಳೊಬ್ಬಳಿಗೇ: "ನಾಳಿಂದ ಮುಗ್ಧಾನ ಡಬ್ಬಿ ಕೊಟ್ಟ ಕಳಸ್ರಿ. ಹೊರಗ ಕಟ್ಟಿ ಮ್ಯಾಲ ಕುಂದರಿಸಿ ನಾನ ಉಣ್ಣಸ್ತೀನಿ. ಯಾರಿಗೂ ಹೇಳೂದಿಲ್ಲ."

ಅವಳು ಆಗಲೇ ಓದಿದಳು. ಬರೆಯುತ್ತಿದ್ದಾಳೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ನಾನು ಫೋನ್ ಹಿಡಿದುಕೊಂಡು ನಿಂತೇ ಇದ್ದೆ. ಕೊನೆಗೆ ಉತ್ತರ ಬಂತು.

"ಅದಕ್ಕ ಎಷ್ಟ ಕೊಡಬೇಕ್ರಿ?"