ಹಳ್ಳ ದಾಟಿದ ತೂಗುಕುರ್ಚಿ

ಏಪ್ರಿಲ್ ಬಂತೆಂದರೆ ಅಲಬಾಮಾದ ಆ ಪುಟ್ಟ ಊರಿನಲ್ಲಿ ಸುಂಟರಗಾಳಿಯ ಸೈರನ್ ಕೂಗದ ವಾರವಿಲ್ಲ. ಅದು ಕೂಗಿದ್ದೇ ತಡ, ಗಂಡಸರೆಲ್ಲ ಆಕಾಶ ನೋಡಲು ಜಗಲಿಗೆ ಬಂದು ನಿಲ್ಲುತ್ತಾರೆ! ವರ್ಲೀನಳ ಗಂಡ ಹೋಯ್ಟ್ ಅಂತೂ ತೂಗುಕುರ್ಚಿ ಹಾಕಿಕೊಂಡು ಕಾಫಿ ಹೀರುತ್ತಿದ್ದ. ಒಳಗೆ ಬಾ ಎಂದು ಅವಳು ಗಂಟಲು ಹರಿದುಕೊಂಡರೂ ಕದಲುತ್ತಿರಲಿಲ್ಲ. ಸುಂಟರಗಾಳಿ ನಮ್ಮ ಹಳ್ಳ ದಾಟುವುದಿಲ್ಲ ಎಂಬುದು ಅವನ ವಾದ. ಮೂವತ್ತೆಂಟು ವರ್ಷ ಜೊತೆಗೆ ಬಾಳಿದ ಈ ಮೊಂಡನನ್ನು ಗಾಳಿ ಎತ್ತಿಕೊಂಡು ಹೋದರೆ ಎಂದು ವರ್ಲೀನಳ ಜೀವ ಹಿಡಿಯಷ್ಟಾಗುತ್ತಿತ್ತು.

ಒಂದು ಶನಿವಾರ ಪಕ್ಕದ ಮನೆಯ ಒಡೆಸಾ ಬಂದರು. ಎಂಬತ್ತಾರರ ಅಜ್ಜಿ. ಹೋಯ್ಟ್ ಹುಡುಗನಾಗಿದ್ದಾಗ ಅವನ ಶಾಲೆಯ ಬಸ್ ಓಡಿಸಿದವರು. ಇವತ್ತಿಗೂ ಅವರೆದುರು ಅವನು ಕೈಕಟ್ಟಿ ಕೂರುತ್ತಾನೆ.

"ಎಪ್ಪತ್ನಾಲ್ಕರ ಏಪ್ರಿಲ್ ನೆನಪಿದೆಯೇನೋ ಹೋಯ್ಟ್? ಒಂದು ದಿನದೊಳಗೆ ನೂರಕ್ಕೂ ಹೆಚ್ಚು ಸುಂಟರಗಾಳಿ, ಹದಿಮೂರು ರಾಜ್ಯ. ಮುನ್ನೂರಕ್ಕೂ ಹೆಚ್ಚು ಜನ ಹೋದ್ರು. ಎರಡು ಸಾವಿರದ ಹನ್ನೊಂದರಲ್ಲೂ ಹಾಗೇ ಆಯ್ತು, ಅದೂ ಏಪ್ರಿಲ್‌ನಲ್ಲೇ. ಎಪ್ಪತ್ನಾಲ್ಕರಲ್ಲಿ ನನ್ನ ತಂಗಿ ಲೂಲಾ ಜಗಲೀಲಿ ನಿಂತು ನೋಡ್ತಿದ್ಲು. ಅವಳ ಊರಲ್ಲೂ ಹಳ್ಳ ಇತ್ತು ಕಣೋ."

ಹೋಯ್ಟ್ ತಲೆ ಕೆರೆದುಕೊಂಡ. ಆಮೇಲೆ ಅವನಿಗೊಂದು ನೆಪ ಸಿಕ್ಕಿತು.

"ಗಾಳಿ ಬಂದಾಗ ಇಳಿಯೋಣ ಅಂದ್ರೆ ನೆಲಮಾಳಿಗೇಲಿ ಕಾಲಿಡೋಕೆ ಜಾಗ ಎಲ್ಲಿದೆ ಮಿಸ್ ಒಡೆಸಾ? ಅಲ್ಲಿ ಇವಳ ಪೀಚ್ ಹಣ್ಣುಗಳು ಸಂಸಾರ ಹೂಡಿವೆ."

ವರ್ಲೀನಳ ಮುಖ ಸಣ್ಣದಾಯಿತು. ಮಾತು ನಿಜ. ಏಳು ವರ್ಷದಿಂದ ಸಕ್ಕರೆ ಪಾಕದಲ್ಲಿ ಹಾಕಿಟ್ಟ ಪೀಚ್ ಭರಣಿಗಳು ಅಲ್ಲಿ ಮೆಟ್ಟಿಲವರೆಗೂ ತುಂಬಿದ್ದವು. ಜಾಗವಾದರೆ ಇಳಿಯುತ್ತೀಯಾ ಎಂದು ಒಡೆಸಾ ಕೇಳಿದರು. ಹೆಂಡತಿ ಭರಣಿ ಬಿಡುವವಳಲ್ಲ ಎಂಬ ಧೈರ್ಯದ ಮೇಲೆ ಹೋಯ್ಟ್ ಧಾರಾಳವಾಗಿ ಹೂಂ ಎಂದ.

ಮರುದಿನವೇ ವರ್ಲೀನ್ ಭರಣಿಗಳನ್ನೆಲ್ಲ ಗಾಡಿಗೇರಿಸಿ ಚರ್ಚಿನಲ್ಲಿ ಹಂಚಿಬಿಟ್ಟಳು. ಊರಿಗೆ ಊರೇ ಎರಡು ದಿನ ಪೀಚ್ ತಿಂದು ಕೈ ನೆಕ್ಕಿತು. ನೆಲಮಾಳಿಗೆಗೆ ಬೆಂಚು, ನೀರು, ಟಾರ್ಚು, ಬ್ಯಾಟರಿ ರೇಡಿಯೋ, ಮೊಮ್ಮಕ್ಕಳ ಬೇಸ್‌ಬಾಲ್ ಹೆಲ್ಮೆಟ್ಟುಗಳು ಬಂದವು.

ಬುಧವಾರ ಮಧ್ಯಾಹ್ನ ಸೈರನ್ ಕೂಗಿತು. ಹೋಯ್ಟನ ಕಾಲು ತಾನಾಗಿ ಜಗಲಿಯ ಕಡೆ ತಿರುಗಿತು. ವರ್ಲೀನ್ ನೆಲಮಾಳಿಗೆಯ ಬಾಗಿಲು ಹಿಡಿದು ನಿಂತಿದ್ದಳು.

"ಮಿಸ್ ಒಡೆಸಾ ಆಗ್ಲೇ ಕೆಳಗಿದ್ದಾರೆ. ಬಸ್ಸು ಹೊರಡೋ ಹೊತ್ತಾಯ್ತಂತೆ."

ಗೊಣಗುತ್ತಲೇ ಇಳಿದ. ಹೆಲ್ಮೆಟ್ ಚಿಕ್ಕದಾಗಿ ನೆತ್ತಿಯ ಮೇಲೆ ಕೂತಿತು. ಅದಕ್ಕೆ ಮೂವರೂ ನಗುತ್ತಿರುವಾಗಲೇ ತಲೆಯ ಮೇಲೆ ಮನೆಯೆಲ್ಲ ಗಡಗಡ ನಡುಗಿತು. ವರ್ಲೀನ್ ಗಂಡನ ಕೈ ಬಿಗಿಯಾಗಿ ಹಿಡಿದಳು.

ರೇಡಿಯೋ ಅಪಾಯ ಕಳೆಯಿತೆಂದ ಮೇಲೆ ಹತ್ತಿ ಬಂದರು. ಮನೆ ಇತ್ತು, ಜಗಲಿ ಇರಲಿಲ್ಲ. ತೂಗುಕುರ್ಚಿ ಹಳ್ಳದ ಆಚೆ ದಂಡೆಯ ಪೆಕಾನ್ ಮರದ ತುದಿಯಲ್ಲಿ ತೂಗುತ್ತಿತ್ತು.

"ದಾಟಿಬಿಡ್ತಲ್ಲ" ಎಂದ ಹೋಯ್ಟ್ ಮೆಲ್ಲಗೆ. ವರ್ಲೀನ್ ಅವನನ್ನು ತಬ್ಬಿಕೊಂಡು ಅತ್ತಳು, ಹಾಗೇ ನಕ್ಕಳು.

ನಿಮ್ಮ ಮನೆಯಲ್ಲೂ ಒಬ್ಬ ಹೋಯ್ಟ್ ಇರಬಹುದು, ಒಂದಷ್ಟು ಭರಣಿಗಳೂ ಇರಬಹುದು. ಗಾಳಿಯ ಕಾಲಕ್ಕೆ ಮುಂಚೆಯೇ ನೆಲಮಾಳಿಗೆ ಖಾಲಿ ಮಾಡಿ. ಅದಿಲ್ಲದಿದ್ದರೆ ಕಿಟಕಿಯಿಲ್ಲದ ಒಳಕೋಣೆ ಗೊತ್ತು ಮಾಡಿಕೊಳ್ಳಿ. ಸೈರನ್ ಕೂಗಿದರೆ ನೋಡಲು ನಿಲ್ಲಬೇಡಿ, ತಲೆ ಮುಚ್ಚಿಕೊಂಡು ಕೂರಿ. ಕುರ್ಚಿ ಹೋದರೆ ಹೋಗಲಿ, ಅದರಲ್ಲಿ ಕೂರುವವರು ನಮಗೆ ಬೇಕು.